ಅಲ್ಪ ಬಂಡವಾಳದಲ್ಲಿ ಮನೆ ಖರೀದಿ: ಮೂರು ಮನೆಗಳ ನಡುವೆ ಆಯ್ಕೆ ಮಾಡುವ ಕ್ರಮ
(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಮನೆ ಕೊಳ್ಳಲು ಹೊರಟ ಕುಟುಂಬವು ವಕೀಲರ ಬಳಿಗಾಗಲಿ ಬ್ಯಾಂಕಿಗಾಗಲಿ ಹೋಗುವ ಮೊದಲು ತಮ್ಮ ಬಳಿಗೆ ಬರುತ್ತದೆ. ನಾಲ್ಕಾರು ಮನೆ ನೋಡಿ ಬಂದು, "ಇವುಗಳಲ್ಲಿ ಯಾವುದನ್ನು ಹಿಡಿಯೋಣ, ನೀವೇ ಹೇಳಿ" ಎಂದು ಕೇಳುತ್ತದೆ. ಆ ಹೊತ್ತಿನಲ್ಲಿ ತಾವು ಆಡುವ ಒಂದು ಮಾತಿನ ಮೇಲೆ ಇಪ್ಪತ್ತು ವರ್ಷಗಳ ಉಳಿತಾಯ ನಿಂತಿರುತ್ತದೆ. ದಾವಣಗೆರೆ ಮತ್ತು ಹರಿಹರ ನಗರಗಳ ಸುತ್ತಲಿನ ಪಂಚಾಯತಿಗಳಲ್ಲಿ ಇಂತಹ ಸಂದರ್ಭ ಪದೇ ಪದೇ ಎದುರಾಗುವುದರಿಂದ, ಅದನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಪಾಠದ ಸಾರಾಂಶವಿಷ್ಟು: ಮಾರುವವರು ಹೇಳುವ ಬೆಲೆ ಮನೆಯ ನಿಜವಾದ ಬೆಲೆಯಲ್ಲ. ಮೊದಲು ಹಕ್ಕು, ಅನಂತರ ನೆಲ ಮತ್ತು ಗೋಡೆ, ಅನಂತರ ಒಟ್ಟು ವೆಚ್ಚ, ಕೊನೆಯಲ್ಲಿ ಬೆಲೆಯ ಚೌಕಾಸಿ. ಈ ಕ್ರಮ ತಲೆಕೆಳಗಾದರೆ ಅಗ್ಗದ ಮನೆಯೇ ಅತ್ಯಂತ ದುಬಾರಿಯಾಗುತ್ತದೆ.

1. ಉದಾಹರಣೆಯ ಕುಟುಂಬ

ಪಾಠದ ಅನುಕೂಲಕ್ಕಾಗಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಪತಿ ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ಪತ್ನಿ ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುತ್ತಾರೆ. ಇಬ್ಬರು ಮಕ್ಕಳು ಓದುತ್ತಿದ್ದಾರೆ. ತಿಂಗಳ ಆದಾಯ ₹22,000. ಈಗಿನ ಬಾಡಿಗೆ ₹5,000. ಉಳಿತಾಯ ₹8 ಲಕ್ಷವಿದ್ದು, ₹7 ಲಕ್ಷ ಸಾಲ ಪಡೆಯುವ ಉದ್ದೇಶವಿದೆ. ಅಂದರೆ ಎಲ್ಲ ಖರ್ಚೂ ಸೇರಿ ₹15 ಲಕ್ಷ ಮೀರುವಂತಿಲ್ಲ. ಅವರು ನೋಡಿರುವ ಮನೆಗಳು ಮೂರು.

ಮೊದಲನೆಯ ಮನೆ: ದಾವಣಗೆರೆ ನಗರದ ಅಂಚಿಗೆ ತಾಗಿದ ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ, ಭೂ ಪರಿವರ್ತನೆಯಾಗದ ಜಮೀನಿನಲ್ಲಿ ಮಾಡಿದ 30x40 ಅಡಿ ನಿವೇಶನ, ತಗಡಿನ ಮನೆ, ನಮೂನೆ 11ಬಿ ಇದೆ. ಬೆಲೆ ₹12 ಲಕ್ಷ.

ಎರಡನೆಯ ಮನೆ: ಹರಿಹರ ನಗರದೊಳಗೆ, ನದಿಯ ಕಡೆಯ ತಗ್ಗಿನಲ್ಲಿ 20x30 ಅಡಿಯ ಹಳೆಯ ಮನೆ. ಖಾತೆಯು ಮೃತ ತಂದೆಯ ಹೆಸರಿನಲ್ಲಿದ್ದು ಮಗ ಮಾರುತ್ತಿದ್ದಾರೆ. ಬೆಲೆ ₹14 ಲಕ್ಷ.

ಮೂರನೆಯ ಮನೆ: ಎರಡು ನಗರಗಳ ನಡುವಿನ ಹಳ್ಳಿಯ ಗ್ರಾಮಠಾಣದಲ್ಲಿ ಹತ್ತು ವರ್ಷದ ಆರ್‌ಸಿಸಿ ಮನೆ. ನಮೂನೆ 9 ಮತ್ತು 11ಎ ಇವೆ. ಗೋಡೆಯಲ್ಲಿ ಅಲ್ಲಲ್ಲಿ ಬಿರುಕು ಕಾಣುತ್ತದೆ. ಬೆಲೆ ₹13 ಲಕ್ಷ.

ಬಹುತೇಕರ ಮೊದಲ ಒಲವು ಒಂದನೆಯ ಮನೆಯ ಕಡೆಗಿರುತ್ತದೆ. ನಿವೇಶನ ದೊಡ್ಡದು, ಬೆಲೆ ಕಡಿಮೆ, ಕೆಲಸದ ಸ್ಥಳ ಹತ್ತಿರ. ಮೂರನೆಯ ಮನೆಯ ಬಿರುಕು ಕಂಡೊಡನೆ ಅದನ್ನು ಬಿಟ್ಟುಬಿಡುತ್ತಾರೆ. ಈಗ ಕ್ರಮವಾಗಿ ಪರಿಶೀಲಿಸೋಣ.

2. ಮೊದಲ ಪರಿಶೀಲನೆ: ಹಕ್ಕು

ಮಾರುವವರಿಗೆ ಮಾರುವ ಹಕ್ಕು ಪೂರ್ಣವಾಗಿ ಇದೆಯೇ ಎಂಬುದು ಮೊದಲ ಪ್ರಶ್ನೆ. ಇದಕ್ಕಾಗಿ ಕೆಳಗಿನವುಗಳನ್ನು ನೋಡತಕ್ಕದ್ದು.

(ಅ) ಮೂಲ ಕ್ರಯಪತ್ರ ಅಥವಾ ವಿಭಾಗಪತ್ರ ಮತ್ತು ಅದರ ಹಿಂದಿನ ಪತ್ರಗಳ ಸರಪಳಿ. ತೆರಿಗೆ ರಸೀದಿಯಾಗಲಿ, ವಿದ್ಯುತ್ ಬಿಲ್ಲಾಗಲಿ, ಖಾತೆಯೊಂದೇ ಆಗಲಿ ಒಡೆತನದ ಪುರಾವೆಯಲ್ಲ.

(ಆ) ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ. ವಹಿವಾಟು ಇದ್ದಲ್ಲಿ ನಮೂನೆ 15, ಇಲ್ಲದಿದ್ದಲ್ಲಿ ನಮೂನೆ 16 ದೊರೆಯುತ್ತದೆ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ಕೈಸಾಲ ಇವು ಇದರಲ್ಲಿ ಕಾಣುವುದಿಲ್ಲ. ಆದ್ದರಿಂದ ನೆರೆಹೊರೆಯಲ್ಲಿ ವಿಚಾರಿಸುವುದೂ ಅಗತ್ಯ.

(ಇ) ವಂಶವೃಕ್ಷ. ಮೃತ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕಿದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳು ಹುಟ್ಟಿನಿಂದಲೇ ಸಮಾನ ಹಕ್ಕುದಾರಳೆಂದು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. "ಅಕ್ಕ-ತಂಗಿಯರು ಮದುವೆಯಾಗಿ ಹೋಗಿದ್ದಾರೆ, ಅವರದೇನೂ ತಕರಾರಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಅವರೆಲ್ಲರೂ ಕ್ರಯಪತ್ರಕ್ಕೆ ಸಹಿ ಮಾಡತಕ್ಕದ್ದು.

(ಈ) ಸರ್ಕಾರದ ಮಂಜೂರಾತಿ. ಆಶ್ರಯ ಮುಂತಾದ ಯೋಜನೆಗಳ ನಿವೇಶನವಾದರೆ ಹಕ್ಕುಪತ್ರದಲ್ಲಿ ಪರಭಾರೆ ನಿಷೇಧದ ಷರತ್ತನ್ನು ಓದಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನು 1978ರ ವರ್ಗಾವಣೆ ನಿಷೇಧ ಕಾಯಿದೆಗೆ ಒಳಪಟ್ಟಿದ್ದರೆ, ಸರ್ಕಾರದ ಪೂರ್ವಾನುಮತಿಯಿಲ್ಲದ ಖರೀದಿ ಊರ್ಜಿತವಾಗದು. ಅಂತಹ ಜಮೀನು ಮೂಲ ಮಂಜೂರಾತಿದಾರರಿಗೆ ಹಿಂದಿರುಗುತ್ತದೆ. ಅದು ನ್ಯಾಯವೂ ಹೌದು.

(ಉ) ನಮೂನೆ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ ಗ್ರಾಮಠಾಣದ ಅಥವಾ ಪರಿವರ್ತನೆ ಮತ್ತು ನಕ್ಷೆ ಅನುಮೋದನೆ ಪಡೆದ ಆಸ್ತಿಗೆ ಸಂಬಂಧಿಸಿದವು. ನಮೂನೆ 11ಬಿ ತೆರಿಗೆಯ ದಾಖಲೆ. ಬಡಾವಣೆಗೆ ಅನುಮೋದನೆ ದೊರೆತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಈ ವ್ಯತ್ಯಾಸವನ್ನು ತಮ್ಮ ವಾರ್ಡಿನ ಪ್ರತಿಯೊಬ್ಬರಿಗೂ ತಿಳಿಸುವುದು ಸದಸ್ಯರ ಕರ್ತವ್ಯ.

ಈ ಭಾಗವನ್ನು ಮೊದಲಿಗೆ ಇರಿಸಿರುವುದಕ್ಕೆ ನನ್ನದೇ ಕಾರಣವೂ ಇದೆ. ನನ್ನ ತಂದೆಯವರು ದಾವಣಗೆರೆಯ ಹತ್ತಿ ಗಿರಣಿಯೊಂದರ ಕಾರ್ಮಿಕರಾಗಿದ್ದರು. ಗಿರಣಿ ನಿಂತ ಮೇಲೆ ಬಂದ ಹಣದಲ್ಲಿ ಹಳೆಯ ಪೇಟೆಯ ಕಡೆ ಒಂದು ಸಣ್ಣ ಮನೆ ಕೊಂಡರು. ಮಾರಿದವರು ತಮ್ಮ ಮೃತ ತಂದೆಗೆ ತಾವೊಬ್ಬರೇ ಮಗನೆಂದು ಹೇಳಿದ್ದರು. ಅದು ನಿಜವೂ ಆಗಿತ್ತು. ಇಬ್ಬರು ಹೆಣ್ಣುಮಕ್ಕಳಿರುವುದನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಸಾಕ್ಷಿ ಹಾಕಿದ ಹಿರಿಯರೂ ಕೇಳಲಿಲ್ಲ. ನಾಲ್ಕು ವರ್ಷಗಳ ಅನಂತರ ಆ ಹೆಣ್ಣುಮಕ್ಕಳು ದಾವೆ ಹೂಡಿದಾಗ ತಪ್ಪು ಅವರದೆಂದು ನಾವು ಬೈದುಕೊಂಡೆವು. ಕಾನೂನು ಓದಿದ ಮೇಲೆ ಅವರು ಕೇಳಿದ್ದು ತಮ್ಮದನ್ನೇ ಎಂದು ನನಗೆ ಅರ್ಥವಾಯಿತು. ಕೊನೆಗೆ ರಾಜಿಯಾಗಿ ಅವರ ಪಾಲಿನ ಹಣ ಕೊಡಬೇಕಾಯಿತು. ತಾಯಿಯವರ ಬಳೆಗಳು ಹೋದದ್ದು ಆಗಲೇ. ಒಂದೇ ಮನೆಗೆ ನಾವು ಎರಡು ಬಾರಿ ಬೆಲೆ ಕೊಟ್ಟೆವು.

3. ಎರಡನೆಯ ಪರಿಶೀಲನೆ: ನೆಲ, ಗೋಡೆ, ನೀರು

ನಮ್ಮ ಭಾಗದಲ್ಲಿ ಎರೆಮಣ್ಣಿನ ನೆಲ ಹೆಚ್ಚು. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಅಡಿಪಾಯವು ಸಾಕಷ್ಟು ಆಳಕ್ಕೆ ಇಳಿದಿರದಿದ್ದರೆ ಗೋಡೆ ಪ್ರತಿವರ್ಷ ಏರಿಳಿಯುತ್ತದೆ. ಆದರೆ ಎಲ್ಲ ಬಿರುಕುಗಳೂ ಒಂದೇ ಬಗೆಯವಲ್ಲ.

ಗಿಲಾವಿನಲ್ಲಿ ಕೂದಲೆಳೆಯಂತೆ ಕಾಣುವ ಬಿರುಕು ಸಾಮಾನ್ಯವಾಗಿ ಗಿಲಾವಿಗಷ್ಟೇ ಸೀಮಿತ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಒಳಗೂ ಹೊರಗೂ ಕಾಣುವ, ನಾಣ್ಯ ತೂರುವಷ್ಟು ಅಗಲವಾದ ಬಿರುಕು ಅಡಿಪಾಯ ಅಲುಗಿರುವುದರ ಗುರುತು. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದಿರುವುದು, ನೆಲ ಒಂದು ಕಡೆ ಇಳಿದಿರುವುದು ಇದಕ್ಕೆ ಪೂರಕ ಲಕ್ಷಣಗಳು. ಸಂಶಯವಿದ್ದಲ್ಲಿ ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ತುಂಡನ್ನು ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆಯಬೇಕು. ಕೆಲವು ವಾರಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಹೊಸದಾಗಿ ಬಣ್ಣ ಬಳಿದ ಮನೆಯನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕು.

ಭದ್ರಾ ನಾಲೆಯ ಅಚ್ಚುಕಟ್ಟಿನ ಭತ್ತದ ಗದ್ದೆಗಳ ಪಕ್ಕದ ಮನೆಗಳಲ್ಲಿ ತೇವ ಏರುವ ಸಂಭವವಿದೆ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಬಿಟ್ಟಿದೆಯೇ ಎಂದು ನೋಡತಕ್ಕದ್ದು. ಹರಿಹರದಲ್ಲಿ ತುಂಗಭದ್ರೆಯ ಕಡೆಯ ತಗ್ಗಿನ ಮನೆಯಾದರೆ, 2019ರ ಆಗಸ್ಟ್ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವರನ್ನಲ್ಲ, ಎದುರು ಮನೆಯವರನ್ನು ಕೇಳಬೇಕು. ಸಾಧ್ಯವಾದರೆ ಮನೆಯನ್ನು ಎರಡು ಬಾರಿ, ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ಮಳೆಯ ಮರುದಿನ, ನೋಡುವುದು ಒಳಿತು.

4. ಮೂರನೆಯ ಪರಿಶೀಲನೆ: ಒಟ್ಟು ವೆಚ್ಚ

ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರಿ ನಗರದಲ್ಲಿ ಶೇ 5.60, ಗ್ರಾಮೀಣ ಪ್ರದೇಶದಲ್ಲಿ ಶೇ 5.65 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಕ್ರಯದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. ಪತ್ರ ಬರವಣಿಗೆ ಮತ್ತು ವಕೀಲರ ಪರಿಶೀಲನೆಗೆ ₹15,000 ಎಂದು ಇಟ್ಟುಕೊಂಡರೆ:

ಮೊದಲನೆಯ ಮನೆ: 12,00,000 + 91,800 + 15,000 = ₹13,06,800
ಎರಡನೆಯ ಮನೆ: 14,00,000 + 1,06,400 + 15,000 = ₹15,21,400
ಮೂರನೆಯ ಮನೆ: 13,00,000 + 99,450 + 15,000 = ₹14,14,450; ದುರಸ್ತಿಗೆ 50,000 ಸೇರಿ ₹14,64,450

ಈ ಲೆಕ್ಕದಲ್ಲಿಯೂ ಮೊದಲನೆಯ ಮನೆಯೇ ಅಗ್ಗವೆಂದು ತೋರುತ್ತದೆ. ಸಾಲದ ಲೆಕ್ಕ ಸೇರಿಸಿದಾಗ ಚಿತ್ರ ಬದಲಾಗುತ್ತದೆ. ಅನುಮೋದನೆಯಿಲ್ಲದ ನಿವೇಶನಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲ ನೀಡುವುದಿಲ್ಲ. ಅವರು ಖಾಸಗಿಯಾಗಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ₹7 ಲಕ್ಷ ತಂದರೆ ತಿಂಗಳಿಗೆ ಬಡ್ಡಿಯೇ ₹14,000. ಐದು ವರ್ಷಗಳಲ್ಲಿ ₹8,40,000 ಕಟ್ಟಿದರೂ ಅಸಲು ಒಂದು ರೂಪಾಯಿಯೂ ತೀರುವುದಿಲ್ಲ. ಅದೇ ಮೊತ್ತವನ್ನು ಬ್ಯಾಂಕಿನಿಂದ ಶೇ 9ರ ಬಡ್ಡಿಗೆ 15 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು ₹7,100. ಅವಧಿ ಮುಗಿದಾಗ ಸಾಲವೂ ಮುಗಿಯುತ್ತದೆ. ₹22,000 ಆದಾಯದ ಮನೆಗೆ ಮೊದಲನೆಯದು ಹೊರಲಾಗದ ಹೊರೆ. ಎರಡನೆಯದು ಕಷ್ಟವಾದರೂ ಸಾಧ್ಯ.

ನಗರ ಪ್ರದೇಶದ ಮನೆಗೆ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಡಿ ಅರ್ಹರಿಗೆ ಗರಿಷ್ಠ ₹1.80 ಲಕ್ಷದವರೆಗೆ ಬಡ್ಡಿ ಸಹಾಯಧನವಿದೆ. ಕುಟುಂಬಕ್ಕೆ ದೇಶದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಬಾರದು. ಈ ಮೊತ್ತ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆಯೇ ಹೊರತು ನೋಂದಣಿಯ ದಿನ ಕೈಗೆ ಬರುವುದಿಲ್ಲ. ಆದ್ದರಿಂದ ಇದನ್ನು ಕೈಯಲ್ಲಿರುವ ಹಣವೆಂದು ಲೆಕ್ಕಕ್ಕೆ ಹಿಡಿಯಬಾರದು.

5. ನಿರ್ಣಯ

ಮೊದಲನೆಯ ಮನೆ ಹಕ್ಕಿನ ಪರಿಶೀಲನೆಯಲ್ಲಿಯೂ ಸಾಲದ ಲೆಕ್ಕದಲ್ಲಿಯೂ ಬಿದ್ದುಹೋಗುತ್ತದೆ. ಎರಡನೆಯ ಮನೆ ಸದ್ಯಕ್ಕೆ ಬೇಡ. ಪೌತಿ ಖಾತೆಯಾಗಿ, ಎಲ್ಲ ವಾರಸುದಾರರು ಸಹಿ ಮಾಡಲು ಒಪ್ಪಿ, ಪ್ರವಾಹದ ನೀರು ಬಾಗಿಲಿಗೆ ಬಂದಿಲ್ಲವೆಂದು ಖಚಿತವಾಗಿ, ಬೆಲೆ ಇಳಿದರೆ ಮಾತ್ರ ಮತ್ತೆ ಯೋಚಿಸಬಹುದು. ಮೂರನೆಯ ಮನೆಯ ಬಿರುಕು ಗಿಲಾವಿನದಷ್ಟೇ ಎಂದು ಗಾಜಿನ ಪರೀಕ್ಷೆಯಲ್ಲಿ ಕಂಡುಬಂದರೆ ಅದೇ ಯೋಗ್ಯ. ದಾವಣಗೆರೆ–ಹರಿಹರ ಅಂತರ ಸುಮಾರು 14 ಕಿ.ಮೀ. ಮಾತ್ರವಿದ್ದು, ನಡುವಿನ ಹಳ್ಳಿಯಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರಬಹುದು. ಗೋಡೆಯ ಬಿರುಕನ್ನು ಮೇಸ್ತ್ರಿ ಮುಚ್ಚಬಲ್ಲರು. ಹಕ್ಕಿನ ಬಿರುಕನ್ನು ಮುಚ್ಚಲು ನ್ಯಾಯಾಲಯಕ್ಕೇ ಹೋಗಬೇಕು.

ಮೂರೂ ಮನೆಗಳು ಪರಿಶೀಲನೆಯಲ್ಲಿ ನಿಲ್ಲದಿದ್ದರೆ "ಯಾವುದೂ ಬೇಡ, ಇನ್ನಾರು ತಿಂಗಳು ಕಾಯಿರಿ" ಎಂಬುದೂ ಸರಿಯಾದ ಉತ್ತರವೇ. ಆರು ತಿಂಗಳ ಬಾಡಿಗೆ ₹30,000. ತಪ್ಪು ಮನೆಯ ನಷ್ಟ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

6. ಸದಸ್ಯರು ಪಾಲಿಸಬೇಕಾದ ಎಚ್ಚರಿಕೆಗಳು

- ಮೂಲಪತ್ರ ನೋಡದೆ ಯಾವುದೇ ಕರಾರಿಗೆ ಸಾಕ್ಷಿ ಹಾಕಬಾರದು. ತಮ್ಮ ಸಹಿಯನ್ನು ಜನರು ಪಂಚಾಯತಿಯ ಒಪ್ಪಿಗೆಯೆಂದೇ ತಿಳಿಯುತ್ತಾರೆ.
- "ಖಾತೆ ನಾನು ಮಾಡಿಸಿಕೊಡುತ್ತೇನೆ, ಮೊದಲು ಕೊಳ್ಳಿರಿ" ಎಂಬ ಭರವಸೆ ನೀಡಬಾರದು.
- ಛಾಪಾ ಕಾಗದದ ಕರಾರು ಅಥವಾ ಅಧಿಕಾರಪತ್ರದ ಮೂಲಕ ಒಡೆತನ ವರ್ಗವಾಗದು ಎಂದು ತಿಳಿಸಬೇಕು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಇದನ್ನು ಹೇಳಿದೆ.
- ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡುವಂತೆ, ದಾಖಲೆ ಸರಿಯಿಲ್ಲದಿದ್ದರೆ ಹಣ ವಾಪಸ್ಸು ಎಂಬ ಷರತ್ತನ್ನು ಕರಾರಿನಲ್ಲಿ ಬರೆಸುವಂತೆ ಸೂಚಿಸಬೇಕು.
- ಪತಿ-ಪತ್ನಿ ಇಬ್ಬರ ಹೆಸರಿನಲ್ಲಿ ನೋಂದಣಿ ಮಾಡಿಸಲು ಪ್ರೋತ್ಸಾಹಿಸಬೇಕು.
- ಮಾರಾಟದಲ್ಲಿ ತಮಗೆ ಅಥವಾ ತಮ್ಮ ಬಂಧುಗಳಿಗೆ ಲಾಭವಿದ್ದರೆ ಸಲಹೆ ನೀಡುವುದರಿಂದ ದೂರವಿರಬೇಕು.

7. ಸಭೆಯಲ್ಲಿ ಚರ್ಚಿಸಲು

(1) ತಮ್ಮ ಪಂಚಾಯತಿಯಲ್ಲಿ ನಮೂನೆ 11ಬಿ ಹೊಂದಿರುವ ಆಸ್ತಿಗಳನ್ನು ಕೊಳ್ಳುವವರಿಗೆ ಮುಂಚಿತವಾಗಿ ಮಾಹಿತಿ ತಲುಪಿಸುವ ಬಗೆ ಹೇಗೆ?
(2) ಪರಭಾರೆ ನಿಷೇಧವಿರುವ ನಿವೇಶನಗಳ ವಿವರವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬಹುದೇ?
(3) ಕಳೆದ ಒಂದು ವರ್ಷದಲ್ಲಿ ಸಲಹೆ ಕೇಳಲು ಬಂದ ಒಂದು ಕುಟುಂಬವನ್ನು ನೆನಪಿಸಿಕೊಳ್ಳಿ. ಅವರಿಗೆ ತಾವು ಮೊದಲು ಕೇಳಿದ ಪ್ರಶ್ನೆ ಬೆಲೆಯದೋ, ಹಕ್ಕಿನದೋ?

ಅಂದು ನಮ್ಮ ಮನೆಯ ಕ್ರಯಪತ್ರಕ್ಕೆ ಸಾಕ್ಷಿ ಹಾಕಿದ ಹಿರಿಯರು ಒಳ್ಳೆಯವರೇ ಆಗಿದ್ದರು. "ಇವರಿಗೆ ಅಕ್ಕ-ತಂಗಿಯರಿದ್ದಾರೆಯೇ?" ಎಂಬ ಒಂದು ಪ್ರಶ್ನೆ ಅವರಿಗೆ ಹೊಳೆದಿದ್ದರೆ ಸಾಕಿತ್ತು. ಮುಂದಿನ ಬಾರಿ ತಮ್ಮ ಬಳಿಗೆ ಬರುವ ಕುಟುಂಬಕ್ಕೆ ಆ ಪ್ರಶ್ನೆಯನ್ನು ತಾವು ಕೇಳಬೇಕೆಂದು ವಿನಂತಿ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ದಾವಣಗೆರೆ ಜಿಲ್ಲೆ