ಒಳ್ಳೆಯ ತೂತಿನ ಪಕ್ಕದ ತೂತು

ಚಿನ್ನ ಹುಡುಕುವ ಸಣ್ಣ ಕಂಪನಿಯೊಂದರ ಪ್ರಕಟಣೆ ಕೈಗೆ ಬಂದರೆ ನಾನು ದಪ್ಪಕ್ಷರದ ಸಾಲು ಬಿಟ್ಟು ಕೊನೆಯ ಪುಟದ ಕೋಷ್ಟಕಕ್ಕೆ ಹೋಗುತ್ತೇನೆ. ‘25 ಮೀಟರ್ ಉದ್ದಕ್ಕೆ ಟನ್ನಿಗೆ 4 ಗ್ರಾಂ’ ಎಂದು ಮೇಲೆ ಬರೆದಿದೆ ಅನ್ನಿ. ಕೋಷ್ಟಕದಲ್ಲಿ ನೋಡಿದರೆ ಅದರೊಳಗಿನ ಒಂದೇ ಮೀಟರಿನಲ್ಲಿ 80 ಗ್ರಾಂ. 25ನ್ನು 4ರಿಂದ ಗುಣಿಸಿದ ಒಟ್ಟು 100ರಲ್ಲಿ 80 ಕಳೆದರೆ ಉಳಿದ 24 ಮೀಟರಿಗೆಲ್ಲ ಸೇರಿ 20. ಟನ್ನಿಗೆ ಒಂದು ಗ್ರಾಮೂ ಬರಲಿಲ್ಲ. ಸುರಂಗ ತೋಡುವ ಗಣಿಗೆ ಅದು ಬರೀ ಕಲ್ಲು.

ರಾಯಚೂರಿನಲ್ಲಿದ್ದುಕೊಂಡು ದುಡ್ಡಿನ ವಿಷಯ ಬರೆಯುವವನಿಗೆ ಚಿನ್ನದ ಷೇರು ಕೊಳ್ಳಬಹುದೇ ಎಂಬ ಪ್ರಶ್ನೆ ತಪ್ಪುವುದಿಲ್ಲ. ತೊಗರಿ ಮಾರಲು ಬಂದಿದ್ದ ದೇವದುರ್ಗ ಕಡೆಯ ರೈತರೊಬ್ಬರು ಗಂಜ್‌ನಲ್ಲಿ ಸಿಕ್ಕು, “ನಮ್ಮೂರ ಬಾಜೂಕ ಮಷೀನ್ ಹಚ್ಚಿ ಕೊರಿಲಿಕತ್ತಾರ್ರಿ ಸರ, ಶೇರ್ ತಗೊಳ್ಳೇನು?” ಎಂದರು. ಯಾರು ಕೊರೀಲಿಕತ್ತಾರ ಅಂತ ಮೊದಲು ಕೇಳ್ರಿ ಎಂದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವಾದರೆ ಅದಕ್ಕೆ ಷೇರೇ ಇಲ್ಲ. ಹಟ್ಟಿ ಚಿನ್ನದ ಗಣಿಯಾದರೆ ಅದು ರಾಜ್ಯ ಸರ್ಕಾರದ ಕಂಪನಿ, ಷೇರುಪೇಟೆಯಲ್ಲಿ ಸಿಗುವುದಿಲ್ಲ.

ಖಾಸಗಿ ಕಂಪನಿಯೇ ಆದರೆ ಅದು ಕೊರೆದ ತೂತುಗಳ ನಕ್ಷೆ ನೋಡಬೇಕು. ನಮ್ಮ ಭಾಗದಲ್ಲಿ ಪುರಾತನರು ತೋಡಿಬಿಟ್ಟ ಗುಂಡಿಗಳೇ ದಾರಿ ತೋರಿಸುತ್ತವೆ. ಹಳೆಯ ಗುಂಡಿಯ ಕೆಳಗೇ ಕೊರೆದರೆ ಚಿನ್ನ ಸಿಕ್ಕಿತೆಂಬುದು ದೊಡ್ಡ ಸುದ್ದಿಯಲ್ಲ. ಅಲ್ಲಿಂದ ನೂರು ಮೀಟರ್ ಆಚೆ, ಇನ್ನೂ ನೂರು ಮೀಟರ್ ಆಳಕ್ಕೆ ಕೊರೆದಾಗ ಏನು ಸಿಕ್ಕಿತು ಎಂಬುದರ ಮೇಲೆ ನಿಕ್ಷೇಪದ ಗಾತ್ರ ನಿಂತಿದೆ. ಮಾನ್ವಿ ಕಡೆ ಒಂದು ಬೋರಿಗೆ ನೀರು ಬಿತ್ತೆಂದು ಹೊಲದ ತುಂಬ ನೀರಿದೆ ಎಂದು ಯಾರೂ ನಂಬುವುದಿಲ್ಲ. ಷೇರು ಕೊಳ್ಳುವಾಗ ಮಾತ್ರ ಆ ಜಾಣತನ ಎಲ್ಲಿ ಹೋಗುತ್ತದೋ! ಒಳ್ಳೆಯ ತೂತಿನ ಸುತ್ತಲೇ ಮತ್ತೆ ಮತ್ತೆ ಕೊರೆಯುವ ಕಂಪನಿ ಗಾತ್ರ ತಿಳಿಯುವುದಕ್ಕಿಂತ ಸುದ್ದಿಗಾಗಿ ಕೊರೆಯುತ್ತಿರಬಹುದು ಎಂಬುದು ನನ್ನ ಅನುಮಾನ.

ಕೊರೆದ ಕೋನವೂ ಮುಖ್ಯ. ಹಟ್ಟಿ ಪಟ್ಟಿಯ ಅದಿರಿನ ಎಳೆಗಳು ಕಡಿದಾಗಿ ಇಳಿಯುತ್ತವೆ. ಎಳೆಯ ಗುಂಟವೇ ಕೊರೆದರೆ ಎರಡು ಮೀಟರ್ ದಪ್ಪದ್ದು ಕಾಗದದಲ್ಲಿ ಹತ್ತು ಮೀಟರಾಗಿ ಕಾಣುತ್ತದೆ. ‘ನಿಜ ದಪ್ಪ’ ಕೊಡದ ಕೋಷ್ಟಕವನ್ನು ನಾನು ಅಲ್ಲಿಗೇ ಮಡಚುತ್ತೇನೆ. ಕೊರೆದಾಗ ಹೊರಬರುವ ಕಲ್ಲಿನ ಕಂಬಿಯನ್ನು, ಅಂದರೆ ಕೋರನ್ನು, ಸೀಳಿ ಮರುಪರೀಕ್ಷೆಗೆ ಅರ್ಧ ಉಳಿಸಿಕೊಂಡಿದ್ದಾರೆಯೇ ಎಂಬುದನ್ನೂ ನೋಡುತ್ತೇನೆ. 1997ರಲ್ಲಿ ಮುಳುಗಿದ ಕೆನಡಾದ ಬ್ರಿ-ಎಕ್ಸ್ ಇಂಡೋನೇಷ್ಯಾದಲ್ಲಿ ತೆಗೆದ ಕೋರನ್ನು ಪೂರ್ತಿ ಪುಡಿ ಮಾಡಿತ್ತು. ಆ ಪುಡಿಗೆ ಚಿನ್ನ ಬೆರೆಸಿದ್ದು ಗೊತ್ತಾಗುವಷ್ಟರಲ್ಲಿ ಹೂಡಿದವರ ಗಂಟು ಹೋಗಿತ್ತು.

ಇಷ್ಟೆಲ್ಲ ಸರಿಯಿದ್ದರೂ ಗಿರಣಿ ಬೇಕಲ್ಲ? ದೇವದುರ್ಗ ತಾಲ್ಲೂಕಿನ ಊಟಿಯ ಅದಿರು ಲಾರಿಯಲ್ಲಿ ಹಟ್ಟಿಗೆ ಹೋಗುತ್ತದೆ, ಅಲ್ಲಿ ಅರೆಯುತ್ತಾರೆ. ಗಿರಣಿ ಹತ್ತಿರವಿರುವುದರಿಂದ ಸಣ್ಣ ನಿಕ್ಷೇಪವೂ ಹಟ್ಟಿಗೆ ಗಿಟ್ಟುತ್ತದೆ. ಅದೇ ನಿಕ್ಷೇಪ ಗಿರಣಿಯಿಲ್ಲದ ಖಾಸಗಿ ಕಂಪನಿಯ ಕೈಯಲ್ಲಿದ್ದರೆ ಬೆಲೆಯೇ ಬೇರೆ.

ಗುತ್ತಿಗೆಯ ಮಾತು ಇದಕ್ಕಿಂತ ದೊಡ್ಡದು. ಮುಂಬೈ ಷೇರುಪೇಟೆಯಲ್ಲಿರುವ ಡೆಕ್ಕನ್ ಗೋಲ್ಡ್ ಮೈನ್ಸ್ ಹಾವೇರಿಯ ಗಣಜೂರಿನಲ್ಲಿ ಕೊರೆದು ಚಿನ್ನ ತೋರಿಸಿತು. ಗಣಿ ಗುತ್ತಿಗೆಯ ಅರ್ಜಿ ಮಾತ್ರ ವರ್ಷಗಟ್ಟಲೆ ಕೂತಿತು. 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿಯಾಗಿ ಹರಾಜು ಪದ್ಧತಿ ಬಂತು. 2021ರ ತಿದ್ದುಪಡಿ ಬಾಕಿ ಉಳಿದಿದ್ದ ಹಳೆಯ ಅರ್ಜಿಗಳ ಹಕ್ಕನ್ನೇ ತೆಗೆದುಹಾಕಿತು. ಕೋರಿನಲ್ಲಿದ್ದ ಚಿನ್ನ ಒಂದು ಗ್ರಾಮೂ ಕಡಿಮೆಯಾಗಿರಲಿಲ್ಲ.

ಇಂಥದ್ದೇ ಒಂದು ಕಂಪನಿಯ ಷೇರು ನನ್ನಲ್ಲೂ ಸ್ವಲ್ಪ ಇದೆ, ಹೋದರೂ ಮನೆ ಖರ್ಚಿಗೆ ತೊಂದರೆಯಾಗದಷ್ಟು. ಅದು ಹೊಸ ಷೇರು ಬಿಟ್ಟು ಮತ್ತೆ ದುಡ್ಡು ಎತ್ತುವ ಮೊದಲು ಹೊರವಲಯದ ತೂತುಗಳ ಫಲಿತಾಂಶ ಕೊಟ್ಟರೆ ಇಟ್ಟುಕೊಳ್ಳುತ್ತೇನೆ. ಕೊಡದಿದ್ದರೆ ಮಾರುತ್ತೇನೆ. ರೈತರಿಗೆ ಹೇಳಿದ್ದೂ ಇಷ್ಟೇ. ಅವರು, “ಹಂಗಾರ ತೊಗರಿ ರೊಕ್ಕ ಬ್ಯಾಂಕಿನಾಗೇ ಇರಲಿ ಬಿಡ್ರಿ” ಎಂದು ತೂಕದ ಚೀಟಿ ಜೇಬಿಗೆ ಹಾಕಿಕೊಂಡು ಹೋದರು.