ಹಳೆಯ ಗಾಡಿಯ ಹೊಗೆ ಏನು ಹೇಳುತ್ತದೆ?



ನಿಮ್ಮ ತೋಟದಲ್ಲಿ ಒಂದು ಅಡಿಕೆ ಮರದ ಸೋಗೆ ಹಳದಿಯಾಯಿತೆಂದು ಇಟ್ಟುಕೊಳ್ಳಿರಿ. ಆ ದಿನವೇ ಕೊಡಲಿ ಹಿಡಿದು ಹೊರಡುತ್ತೀರಾ? ಇಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಗೊಬ್ಬರ ಸಾಲದೆ ಬಂದಿದೆಯೇ, ಬೇರಿಗೆ ಹುಳು ಹತ್ತಿದೆಯೇ, ಅಥವಾ ನಿಜವಾಗಿ ಹಳದಿ ರೋಗವೇ ಎಂದು ಮೊದಲು ನೋಡುತ್ತೀರಿ. ಬಣ್ಣ ಒಂದೇ, ಕಾರಣ ನಾಲ್ಕು.

ಹಳೆಯ ಜೀಪು, ಪಿಕಪ್ಪು, ಟೆಂಪೋಗಳ ಹೊಗೆಯ ವಿಷಯವೂ ಹೀಗೆಯೇ. ಆದರೆ ಇಲ್ಲಿ ನಾವು ಅಷ್ಟು ತಾಳ್ಮೆ ತೋರಿಸುವುದಿಲ್ಲ. ಒಬ್ಬರು "ಇಂಜಿನು ಹೋಯಿತು, ಬೋರ್ ಮಾಡಿಸಬೇಕು" ಎಂದು ಹೆದರುತ್ತಾರೆ. ಇನ್ನೊಬ್ಬರು "ಹಳೆಯ ಗಾಡಿ, ಹೊಗೆ ಬಂದೇ ಬರುತ್ತದೆ" ಎಂದು ಸುಮ್ಮನಾಗುತ್ತಾರೆ. ಎರಡೂ ತಪ್ಪು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಇಂಜಿನೇ ಹೋಗುತ್ತದೆ.

ಪುತ್ತೂರು, ಬಂಟ್ವಾಳದ ಕಡೆಯಿಂದ ಅಡಿಕೆ, ತೆಂಗು, ಬಾಳೆ, ತರಕಾರಿ ಹೇರಿಕೊಂಡು ಬಿ.ಸಿ.ರೋಡು, ಫರಂಗಿಪೇಟೆ, ಪಡೀಲು ದಾಟಿ ಮಂಗಳೂರಿಗೆ ಬರುವ ಗಾಡಿಗಳಲ್ಲಿ ಎರಡು ಮೂರು ಲಕ್ಷ ಕಿಲೋಮೀಟರು ಓಡಿದವು ಎಷ್ಟೋ ಇವೆ. ಬಂದರಿನ ಇಕ್ಕಟ್ಟಾದ ಓಣಿಯಲ್ಲಿ ಇಂತಹ ಗಾಡಿ ನಿಂತು ಹೊಗೆ ಬಿಟ್ಟರೆ, ಅದನ್ನು ಕುಡಿಯುವವರು ಮೂಟೆ ಹೊರುವ ಕೂಲಿಯವರು ಮತ್ತು ಹಿಂದೆ ಕುಳಿತ ನಮ್ಮ ಮನೆಯವರು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿಶ್ಚಯಿಸಿತು. ಆದ್ದರಿಂದ ಹೊಗೆಯನ್ನು ಓದಲು ಕಲಿಯುವುದು ಕಿಸೆಗೂ ಒಳ್ಳೆಯದು, ಎದೆಗೂ ಒಳ್ಳೆಯದು.

ನಾನು ಕಲಿತ ಪಾಠ

ಒಂದು ಮಳೆಗಾಲ ಮುಗಿದ ಮೇಲೆ ನಮ್ಮ ಹಳೆಯ ಜೀಪನ್ನು ಕೊಟ್ಟಿಗೆಯಿಂದ ಹೊರತೆಗೆದೆವು. ಪೇಟೆಗೆ ಹೋಗುವ ದಾರಿಯುದ್ದಕ್ಕೂ ನೀಲಿ ಹೊಗೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ನೋಡಿದ ಕೂಡಲೇ "ರಿಂಗು ಸವೆದಿದೆ, ಇಂಜಿನು ಇಳಿಸಬೇಕು" ಎಂದರು. ಹೇಳಿದ ಖರ್ಚು ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡ ಪಾಲು. ಆದರೆ ಮಳೆಗಾಲಕ್ಕೆ ಮುಂಚೆ ಇದೇ ಜೀಪು ಹೊಗೆಯಿಲ್ಲದೆ ಓಡಿತ್ತು. ನಿಂತಲ್ಲಿ ನಿಂತ ಗಾಡಿಯ ರಿಂಗು ಸವೆಯುವುದು ಹೇಗೆ? ಈ ಒಂದು ಪ್ರಶ್ನೆ ನಮ್ಮನ್ನು ಉಳಿಸಿತು. ಮನೆಗೆ ತಂದು ನೋಡಿದರೆ ಇಂಜಿನಿನ ಬ್ರೀದರ್ ಕೊಳವೆಯ ಬಾಯಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಇಂಜಿನಿನ ಒಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ, ಒತ್ತಡ ಹೆಚ್ಚಿ, ಆಯಿಲನ್ನು ಮೇಲಕ್ಕೆ ನೂಕುತ್ತಿತ್ತು. ಗೂಡು ತೆಗೆದು ಕೊಳವೆ ತೊಳೆದೆವು. ಎರಡು ಮೂರು ದಿನದಲ್ಲಿ ಹೊಗೆ ನಿಂತಿತು.

ಎಲ್ಲರಿಗೂ ಇಂತಹ ಅದೃಷ್ಟ ಸಿಗುವುದೆಂದು ನಾನು ಹೇಳುವುದಿಲ್ಲ. ಬಣ್ಣ, ಹೊತ್ತು, ವಾಸನೆ ಈ ಮೂರನ್ನೂ ನೋಡದೆ ಇಂಜಿನು ಬಿಚ್ಚಿಸಬೇಡಿರಿ ಎಂಬುದಷ್ಟೇ ನನ್ನ ಮಾತು.

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ

ಒಂದು ಲೀಟರು ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು. ಅಂದರೆ ಸುಮಾರು ಹತ್ತು ಸಾವಿರ ಲೀಟರು ಗಾಳಿ! ಹಸಿ ಕಟ್ಟಿಗೆ ತುರುಕಿ, ಊದದೆ ಬಿಟ್ಟ ಒಲೆ ಮಸಿ ಕಾರುವಂತೆ, ಗಾಳಿ ಸಾಲದ ಇಂಜಿನು ಕಪ್ಪು ಮಸಿ ಕಾರುತ್ತದೆ.

ಆದ್ದರಿಂದ ಮೊದಲು ಏರ್ ಫಿಲ್ಟರನ್ನು ನೋಡಿರಿ. ನಮ್ಮ ಮುರಕಲ್ಲಿನ ಕೆಂಪು ಧೂಳು ಬೇಸಗೆಯಲ್ಲಿ ಅದನ್ನು ಬೇಗ ಕಟ್ಟಿಬಿಡುತ್ತದೆ. ಆಯಿಲ್ ಹಾಕುವ ಹಳೆಯ ಮಾದರಿಯದಾದರೆ ಬಟ್ಟಲಿನ ಕೆಸರು ತೆಗೆದು, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿರಿ. ಗುರುತು ಮೀರಿದರೆ ಅದೇ ಆಯಿಲ್ ಒಳಗೆ ಹೋಗಿ ನೀಲಿ ಹೊಗೆಯಾದೀತು. ಎರಡನೆಯದಾಗಿ, ಹೇರು ಮಿತಿ ಮೀರಿದೆಯೇ, ಬ್ರೇಕು ಹಿಡಿದುಕೊಂಡಿದೆಯೇ ಎಂದು ನೋಡಿರಿ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ಬ್ರೇಕು ಸಡಿಲಾಗಿಲ್ಲವೆಂದು ತಿಳಿಯಿರಿ. ಟರ್ಬೊ ಇರುವ ಗಾಡಿಯಾದರೆ ಅದರ ರಬ್ಬರ್ ಕೊಳವೆ ಬಿರಿದಿದೆಯೇ ಎಂದೂ ನೋಡಬೇಕು. ಇವೆಲ್ಲ ಸರಿಯಿದ್ದರೆ ಮಾತ್ರ ನಾಝಲು ಮತ್ತು ಡೀಸೆಲ್ ಪಂಪಿನ ಸರದಿ. ಸವೆದ ನಾಝಲು ಡೀಸೆಲನ್ನು ಮಂಜಿನಂತೆ ಸಿಂಪಡಿಸುವ ಬದಲು ತೊಟ್ಟಿಕ್ಕಿಸುತ್ತದೆ. ಇದನ್ನು ಪಂಪು ರಿಪೇರಿಯವರ ಯಂತ್ರದಲ್ಲಿ ಇಟ್ಟೇ ಪರೀಕ್ಷಿಸಬೇಕು. ನಾಝಲಿನಿಂದ ಚಿಮ್ಮುವ ಡೀಸೆಲಿನ ಎದುರು ಕೈ ಹಿಡಿಯಲೇಬಾರದು. ಅದು ಚರ್ಮ ತೂರಿ ಒಳಹೋಗುತ್ತದೆ.

ಬಾವುಟಗುಡ್ಡೆಯಂತಹ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಳೆಯ ಡೀಸೆಲ್ ಗಾಡಿ ಒಂದು ಕ್ಷಣ ಕಪ್ಪು ಬಿಟ್ಟರೆ ಗಾಬರಿ ಬೇಡ. ಏರು ಮುಗಿದು ಸಮತಟ್ಟಿಗೆ ಬಂದರೂ ಬಿಡದಿದ್ದರೆ ಅದು ದೋಷ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ

ನೀಲಿ ಹೊಗೆಗೆ ಸುಟ್ಟ ಎಣ್ಣೆಯ ಕಮಟು ವಾಸನೆ ಇರುತ್ತದೆ; ಗಾಳಿಯಲ್ಲಿ ಬೇಗ ಕರಗುವುದಿಲ್ಲ. ಇಲ್ಲಿ ಬಣ್ಣಕ್ಕಿಂತ ಹೊತ್ತು ಮುಖ್ಯ.

ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಸಲ ನೀಲಿ ಬಂದು ನಿಂತರೆ, ಅಥವಾ ಚಾರ್ಮಾಡಿ ಘಾಟಿಯನ್ನು ಗಿಯರಿನಲ್ಲಿ ಇಳಿದು ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆಲೇ ನೀಲಿ ಬಂದರೆ, ಹೆಚ್ಚಾಗಿ ವಾಲ್ವಿನ ಸೀಲು ಗಟ್ಟಿಯಾಗಿ ಬಿರಿದಿರುತ್ತದೆ. ಇದು ಬೋರ್ ಕೆಲಸಕ್ಕಿಂತ ಬಹಳ ಸಣ್ಣ ರಿಪೇರಿ.

ಹೇರು ಹಾಕಿ ಏರು ಹತ್ತುವಾಗ ನಿಲ್ಲದೆ ನೀಲಿ ಬಂದರೆ ರಿಂಗಿನ ಸಂಶಯ ಬಲವಾಗುತ್ತದೆ. ಆಗ ಇಂಜಿನು ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಎಚ್ಚರಿಕೆಯಿಂದ ಸಡಿಲಿಸಿ ನೋಡಿರಿ. ಅಲ್ಲಿಂದ ಹೊಗೆ ಬುಸುಬುಸು ಎಂದು ಒತ್ತಿ ಬಂದರೆ, ಉರಿದ ಗಾಳಿ ರಿಂಗನ್ನು ದಾಟಿ ಕೆಳಗಿಳಿಯುತ್ತಿದೆ ಎಂದರ್ಥ. ಆದರೆ ಬ್ರೀದರ್ ಕಟ್ಟಿದ್ದರೂ ಹೀಗೆಯೇ ಕಾಣುತ್ತದೆ. ಆದ್ದರಿಂದ ಬ್ರೀದರನ್ನು ಮೊದಲು ಸ್ವಚ್ಛ ಮಾಡಿ ಅನಂತರ ನೋಡಿರಿ. ಕೊನೆಯ ತೀರ್ಮಾನ ಕಂಪ್ರೆಷನ್ ಪರೀಕ್ಷೆಯದು. ಪ್ರತಿ ಸಿಲಿಂಡರಿನ ಒತ್ತಡವನ್ನು ಮೀಟರಿನಲ್ಲಿ ಅಳೆಯದೆ "ಬೋರ್ ಹೋಗಿದೆ" ಎನ್ನುವುದು ನಾಡಿ ಹಿಡಿಯದೆ ಮದ್ದು ಕೊಟ್ಟಂತೆ.

ಟರ್ಬೊ ಇದ್ದರೆ ಅದರಿಂದ ಇಂಜಿನಿಗೆ ಹೋಗುವ ಕೊಳವೆಯನ್ನು ಬಿಚ್ಚಿಸಿ ನೋಡಿರಿ. ಬೆರಳಿಗೆ ತೆಳುವಾದ ಎಣ್ಣೆಯ ಪಸೆ ಹತ್ತಿದರೆ ದೊಡ್ಡ ಮಾತಲ್ಲ. ಎಣ್ಣೆ ಮಡುಗಟ್ಟಿದ್ದರೆ ಟರ್ಬೊವಿನ ಸೀಲನ್ನು ನೋಡಿಸಬೇಕು.

ಆಯಿಲ್ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬೇಡಿರಿ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ತುಂಬಿಸಿ, ಕಿಲೋಮೀಟರು ಬರೆದಿಡಿರಿ. ಸಾವಿರ ಕಿಲೋಮೀಟರಾದ ಮೇಲೆ ಅದೇ ಜಾಗದಲ್ಲಿ ಮತ್ತೆ ನೋಡಿರಿ. ನಡುವೆ ವಾರಕ್ಕೊಮ್ಮೆ ನೋಡುತ್ತಿರಿ. ಕೆಳಗಿನ ಗುರುತಿಗಿಂತ ಇಳಿಯಲು ಬಿಡದೆ, ಹಾಕಿದ್ದನ್ನೆಲ್ಲ ಅಳತೆ ಮಾಡಿ ಬರೆಯಿರಿ. ಹೊರಗೆ ಸೋರಿಕೆ ಇಲ್ಲದೆ ಸಾವಿರಕ್ಕೆ ಒಂದು ಲೀಟರಿನಷ್ಟು ಕಡಿಮೆಯಾದರೆ ರಿಪೇರಿಯ ಯೋಚನೆ ಮಾಡತಕ್ಕದ್ದು. ಮೇಲಿನ ಗುರುತು ಮೀರಿ ಆಯಿಲ್ ಹಾಕುವುದೂ ಅಪಾಯವೇ. ಡೀಸೆಲ್ ಇಂಜಿನು ತನ್ನ ಆಯಿಲನ್ನೇ ಕುಡಿದು, ಕೀ ತಿರುಗಿಸಿದರೂ ನಿಲ್ಲದೆ ಅಬ್ಬರಿಸತೊಡಗುವುದುಂಟು. ಹಾಗಾದಾಗ ಬ್ರೇಕನ್ನು ಬಲವಾಗಿ ಒತ್ತಿ, ಟಾಪ್ ಗಿಯರಿಗೆ ಹಾಕಿ, ಕ್ಲಚ್ಚು ಬಿಟ್ಟು ಇಂಜಿನನ್ನು ನಿಲ್ಲಿಸಬೇಕು. ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಕೊಡಬಾರದು.

ಬಿಳಿ ಹೊಗೆ: ಇದನ್ನು ಅಲಕ್ಷ್ಯ ಮಾಡಬೇಡಿರಿ

ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಮಳೆಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ತೆಳ್ಳಗಿನ ಬಿಳಿ ಆವಿ ಬಂದು, ಸ್ವಲ್ಪ ಹೊತ್ತಿನಲ್ಲಿ ಇಂಜಿನು ಬಿಸಿಯಾದಂತೆ ನಿಂತರೆ ಅದು ಬರೀ ನೀರಿನ ಹಬೆ. ನಿಲ್ಲದೆ ಬರುವ ಬಿಳಿ ಹೊಗೆಯಲ್ಲಿ ಎರಡು ಬಗೆ.

ಒಂದು, ಉರಿಯದ ಡೀಸೆಲಿನದು. ಕಣ್ಣು ಉರಿಯುತ್ತದೆ, ಹಸಿ ಡೀಸೆಲಿನ ಘಾಟು ಬರುತ್ತದೆ, ಇಂಜಿನು ತಡವರಿಸುತ್ತದೆ. ಹೀಟರ್ ಪ್ಲಗ್ಗು ಕೆಟ್ಟಿರುವುದು, ಡೀಸೆಲಿನಲ್ಲಿ ನೀರು ಸೇರಿರುವುದು, ಪಂಪಿನ ಟೈಮಿಂಗ್ ತಪ್ಪಿರುವುದು, ಕಂಪ್ರೆಷನ್ ಇಳಿದಿರುವುದು ಇದಕ್ಕೆ ಕಾರಣ. ಡೀಸೆಲ್ ಫಿಲ್ಟರಿನ ತಳದ ನೀರನ್ನು ಬಸಿಯುವುದರಿಂದ ಆರಂಭಿಸಿರಿ.

ಎರಡು, ರೇಡಿಯೇಟರಿನ ನೀರು ಸಿಲಿಂಡರಿಗೆ ಹೋಗಿ ಹಬೆಯಾಗುವುದು. ಇದೇ ಅತ್ಯಂತ ಅಪಾಯದ್ದು. ಗುರುತು ಹೀಗಿವೆ: ಹೊರಗೆ ಎಲ್ಲಿಯೂ ಸೋರದೆ ರೇಡಿಯೇಟರಿನ ನೀರು ಇಳಿಯುತ್ತದೆ, ಇಂಜಿನು ಬೇಗ ಕಾಯುತ್ತದೆ, ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇರುತ್ತದೆ, ಕೂಲೆಂಟ್ ಹಾಕಿದ್ದರೆ ಹೊಗೆಗೆ ಸಿಹಿ ವಾಸನೆ ಇರುತ್ತದೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಾಣುತ್ತದೆ. ಮಳೆಗಾಲದಲ್ಲಿ ಹತ್ತಿರದ ಓಡಾಟ ಮಾತ್ರ ಮಾಡುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಅಡಿಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಅದು ತೇವ ಇರಬಹುದು; ಡಿಪ್‌ಸ್ಟಿಕ್ಕಿನಲ್ಲಿಯೂ ಕಂಡರೆ ಗಾಡಿ ಓಡಿಸಬೇಡಿರಿ. ಹೆಡ್ ಗ್ಯಾಸ್ಕೆಟ್ ಹೋದ ಹಂತದಲ್ಲಿಯೇ ನಿಲ್ಲಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿದೀತು. "ಇದೊಂದು ಹೇರು ಮುಟ್ಟಿಸಿಬಿಡೋಣ" ಎಂದು ನೀರು ಹೊಯ್ಯುತ್ತ ಓಡಿಸಿದರೆ ಹೆಡ್ಡೇ ಸೊಟ್ಟಗಾಗಿ ಬಿರಿಯುತ್ತದೆ.

ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿರಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ನೆರೆಯ ನೀರಿನಲ್ಲಿ ಮುಳುಗಿ ನಿಂತ ಗಾಡಿಯನ್ನು ಮತ್ತೆ ಚಾಲೂ ಮಾಡಲೂ ಹೋಗಬೇಡಿರಿ. ಸಿಲಿಂಡರಿಗೆ ನೀರು ನುಗ್ಗಿದ್ದರೆ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ.

ಮನೆಯಂಗಳದ ಪರೀಕ್ಷೆ

ಇದನ್ನು ಬಯಲಿನಲ್ಲಿಯೇ ಮಾಡಿರಿ. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನು ಓಡಿಸಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿ ಪ್ರಾಣಕ್ಕೇ ಎರವಾದೀತು.

1. ಬೆಳಿಗ್ಗೆ ತಣ್ಣಗಿರುವಾಗಲೇ ಆಯಿಲ್ ಮತ್ತು ರೇಡಿಯೇಟರಿನ ಮಟ್ಟ ನೋಡಿ ಬರೆಯಿರಿ.

2. ಗಾಡಿ ಚಾಲೂ ಮಾಡಿರಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಮೊದಲ ಹೊಗೆಯ ಬಣ್ಣ ನೋಡಲಿ.

3. ಸೈಲೆನ್ಸರಿನ ಬಾಯಿಗೆ ಒಂದು ಅಡಿ ದೂರದಲ್ಲಿ, ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಅರ್ಧ ನಿಮಿಷ ಹಿಡಿಯಿರಿ. ಒಣ ಮಸಿ ಹತ್ತಿದರೆ ಉರಿಯುವುದರಲ್ಲಿ ದೋಷ. ಜಿಡ್ಡಿನ ಕಲೆಯಾದರೆ ಆಯಿಲ್ ಇಲ್ಲವೇ ಉರಿಯದ ಡೀಸೆಲ್, ಇವೆರಡನ್ನು ಮೂಸಿ ಬೇರ್ಪಡಿಸಬಹುದು. ಬರೀ ಒದ್ದೆಯಾದರೆ ನೀರು.

4. ಇಂಜಿನು ಬಿಸಿಯಾದ ಮೇಲೆ ಐದು ನಿಮಿಷ ನಿಧಾನವಾಗಿ ಓಡಲು ಬಿಟ್ಟು, ಒಮ್ಮೆ ಆಕ್ಸಿಲರೇಟರ್ ಒತ್ತಿರಿ. ಆಗ ಏನು ಬಂತು?

5. ಹೇರಿನೊಂದಿಗೆ ಏರು ಹತ್ತುವಾಗ ಮತ್ತು ಇಳಿದ ಮೇಲೆ ಏನು ಬಂತು?

6. ಹೊಗೆ ಎಂದು ಶುರುವಾಯಿತು? ಅದಕ್ಕೆ ಮುಂಚೆ ಏನು ಮಾಡಿಸಿದ್ದಿರಿ? ಆಯಿಲ್ ಬದಲಾಯಿಸಿದ ಮರುದಿನದಿಂದಲೇ ಹೊಗೆ ಬಂದಿದ್ದರೆ ಆಯಿಲಿನ ಮಟ್ಟವನ್ನೇ ಮೊದಲು ನೋಡಿರಿ.

ಈ ಆರು ಮಾತುಗಳನ್ನು ಬರೆದ ಚೀಟಿಯೊಂದಿಗೆ ಗ್ಯಾರೇಜಿಗೆ ಹೋಗಿರಿ. ಒಳ್ಳೆಯ ಮೆಕ್ಯಾನಿಕರು ಇದರಿಂದ ಬೇಸರಪಡುವುದಿಲ್ಲ. ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತಾಗುತ್ತದೆ.

ಎಮಿಷನ್ ಟೆಸ್ಟ್

ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟವೆಂದು ಎಮಿಷನ್ ಟೆಸ್ಟಿನ ಯಂತ್ರ ಅಳೆಯುತ್ತದೆ. ಬಿ.ಎಸ್. 4ಕ್ಕೆ ಮುಂಚಿನ ಡೀಸೆಲ್ ಗಾಡಿಗೆ ಮಿತಿ 2.45; ಬಿ.ಎಸ್. 4 ಗಾಡಿಗೆ 1.62. ಬಿ.ಎಸ್. 4 ನಿಯಮ ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್ 1ರಂದು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಬೇರೆ ಸಾಧನಗಳಿರುವುದರಿಂದ, ಅವುಗಳಲ್ಲಿ ಕಣ್ಣಿಗೆ ಕಾಣುವಷ್ಟು ಕಪ್ಪು ಹೊಗೆ ಬಂದರೆ ಕೂಡಲೇ ತೋರಿಸಬೇಕು. ಟೆಸ್ಟಿನ ಚೀಟಿಯಲ್ಲಿ ಬರೆದ ಅಂಕಿಯನ್ನು ಬಿಸಾಡದೆ ಪ್ರತಿ ಸಲದ್ದನ್ನೂ ಜೋಡಿಸಿಡಿರಿ. ಪಾಸಾದರೂ ಅಂಕಿ ಸಲದಿಂದ ಸಲಕ್ಕೆ ಏರುತ್ತಿದ್ದರೆ, ಕಣ್ಣಿಗೆ ಕಾಣುವ ಮೊದಲೇ ರೋಗ ಹತ್ತಿದೆ ಎಂದು ತಿಳಿಯಿರಿ. ಆದರೆ ಆ ಯಂತ್ರ ಕಾರಣ ಹೇಳುವುದಿಲ್ಲ. ಕಾರಣ ಹುಡುಕುವುದು ನಮ್ಮ ಕಣ್ಣು, ಮೂಗು ಮತ್ತು ಬರವಣಿಗೆಯ ಕೆಲಸ.

ಕೊನೆಯ ಮಾತು

ಕಪ್ಪು ಕಂಡರೆ ಗಾಳಿಯ ದಾರಿ ನೋಡಿರಿ. ನೀಲಿ ಕಂಡರೆ ಯಾವ ಹೊತ್ತಿನಲ್ಲಿ ಬರುತ್ತದೆಂದು ನೋಡಿರಿ. ನಿಲ್ಲದ ಬಿಳಿ ಕಂಡರೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಗಾಡಿಯನ್ನೇ ನಿಲ್ಲಿಸಿರಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಸಣ್ಣ ಖರ್ಚಿನದು ಅನಂತರ, ಇಂಜಿನು ಬಿಚ್ಚುವುದು ಕಟ್ಟಕಡೆಗೆ. ಈ ಕ್ರಮ ತಪ್ಪದಿದ್ದರೆ ಅಡಿಕೆಯ ಹಣ ಮನೆಯಲ್ಲಿ ಉಳಿಯುತ್ತದೆ, ಹಳೆಯ ಗಾಡಿ ಇನ್ನಷ್ಟು ವರ್ಷ ಹೇರು ಹೊರುತ್ತದೆ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವಾಗ ಒಂದು ನಿಮಿಷ ಹಿಂದಕ್ಕೆ ಬಂದು ನಿಂತು ನೋಡಿರಿ.