ಹಸಿರು ಚಹಾ: ಎಲೆಗಿಂತ ಮೊದಲು ನೀರು ನೋಡಿ

ದಿನಕ್ಕೆ ಐದಾರು ಲೋಟ ಹಸಿರು ಚಹಾ ಕುಡಿದರೆ ತೂಕ ಇಳಿಯುತ್ತದೆಯೇ, ಹೃದಯಕ್ಕೆ ಒಳ್ಳೆಯದೇ ಎಂಬುದು ದೇವದುರ್ಗ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ. ಮನೆಯಲ್ಲಿ ಬೋರ್‌ವೆಲ್ ನೀರೇ ಬಳಕೆ ಎಂದೂ ಬರೆದಿದ್ದಾರೆ. ಉತ್ತರ ಆ ಸಾಲಿನಿಂದಲೇ ಶುರುವಾಗಬೇಕು.

ರಾಯಚೂರು ಜಿಲ್ಲೆಯಲ್ಲಿ, ದೇವದುರ್ಗ, ಮಾನ್ವಿ ಭಾಗವೂ ಸೇರಿ, ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಚಹಾ ಗಿಡವೂ ಮಣ್ಣಿನ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಬಲಿತ ಎಲೆಯಲ್ಲಿ ಇನ್ನೂ ಜಾಸ್ತಿ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಹಾಗಾಗಿ ಅವರು ಮೊದಲು ನೀರಿನ ಪರೀಕ್ಷೆ ಮಾಡಿಸಲಿ, ಚಹಾಕ್ಕೆ ಶುದ್ಧ ನೀರಿನ ಘಟಕದ ನೀರನ್ನೇ ತರಲಿ.

ಹೃದಯದ ಮಾತಿಗೆ ಆಧಾರವಿದೆ. ಜಪಾನಿನಲ್ಲಿ 40,530 ಜನರನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಸಿರು ಚಹಾ ಹೆಚ್ಚು ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಕಡಿಮೆಯಿತ್ತು. ಆದರೆ ಅದು ಚಹಾದಿಂದಲೇ ಎಂದು ಇಂಥ ಅಧ್ಯಯನ ಸಾಬೀತು ಮಾಡಲಾರದು. ತೂಕದ ಮೇಲಿನ ಪರಿಣಾಮ ತೀರಾ ಅಲ್ಪ.

ಮನೆಯ ಹೆಣ್ಣುಮಕ್ಕಳ ವಿಷಯ ಇನ್ನೂ ಮುಖ್ಯ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯದ ಕಬ್ಬಿಣಾಂಶವನ್ನು ದೇಹ ಹೀರದಂತೆ ಚಹಾ ತಡೆಯುತ್ತದೆ. ಊಟಕ್ಕೂ, ಕಬ್ಬಿಣದ ಮಾತ್ರೆಗೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಬೇಕು.

ಸಕ್ಕರೆಯಿಲ್ಲದೆ ದಿನಕ್ಕೆ ಎರಡು ಲೋಟ ಸಾಕು. ಹಸಿರು ಚಹಾದ ಸಾರದ ಮಾತ್ರೆಗಳು ಮಾತ್ರ ಬೇಡವೇ ಬೇಡ. ಅವುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ.